ಅರವತ್ತೊಂದನೆಯ ಬೆಳಗು

“ಗುರುಗಳೇ, ಒಂದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ ಮೇಲೆ ನಮಗೆ ಬೇಸರಪಟ್ಟುಕೊಳ್ಳುವ ಹಕ್ಕು ಬರುತ್ತದೆ?” ಎಂದು ಶಿಷ್ಯ ಕೇಳಿದ.

ಮಠಕ್ಕೆ ಬಂದವರನ್ನು ಮುಂದಿನ ಹಜಾರದಲ್ಲಿ ಕೂರಿಸಿ ವಿಚಾರಿಸುವ ಕೆಲಸ ಅವನದು. ಒಬ್ಬ ಮುದುಕಿ ಮೂರು ತಿಂಗಳಿಂದ ದಿನವೂ ಬಂದು ಒಂದೇ ಮಾತು ಕೇಳುತ್ತಿದ್ದಳು. ಸತ್ತ ಗಂಡನಿಗೆ ಸದ್ಗತಿ ಸಿಕ್ಕಿದೆಯೇ ಎಂದು ಅವಳ ಪ್ರಶ್ನೆ. ಸಿಕ್ಕಿದೆ ತಾಯಿ ಎಂದು ಶಿಷ್ಯ ದಿನವೂ ಹೇಳುತ್ತಿದ್ದ. ಅವಳು ಸಮಾಧಾನದಿಂದ ಹೋಗುತ್ತಿದ್ದಳು, ಮರುದಿನ ಮತ್ತೆ ಬರುತ್ತಿದ್ದಳು. ಆ ದಿನ ಅವಳು ಬರುವುದು ಕಂಡೊಡನೆ ಅವನು ಎದ್ದು ಗುರುಗಳ ಬಳಿ ಬಂದುಬಿಟ್ಟಿದ್ದ.

“ಹಕ್ಕಿನ ಮಾತು ಎತ್ತಿದೆಯಲ್ಲ, ಹಾಗಾದರೆ ವಕೀಲನ ಕತೆಯನ್ನೇ ಹೇಳಬೇಕು. ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಒಳ್ಳೆಯವನು. ಒಳ್ಳೆಯವರಲ್ಲಿ ಕೆಲವರಿಗೆ ಇರುವ ಒಂದು ದೋಷ ಅವನಿಗೂ ಇತ್ತು. ತಾನು ಮಾಡಿದ ಒಳ್ಳೆಯದು ಎಷ್ಟಾಯಿತು ಎಂಬುದು ಅವನಿಗೆ ಯಾವಾಗಲೂ ನೆನಪಿರುತ್ತಿತ್ತು.

ಅದೇ ಊರಿನಲ್ಲಿ ಮನೆಗಳಿಗೆ ಸುಣ್ಣ ಬಳಿಯುವ ಒಬ್ಬನಿದ್ದ. ಐವತ್ತು ದಾಟಿದವನು, ಹೆಂಡತಿ ಮಕ್ಕಳಿಲ್ಲದವನು, ಅಕ್ಕನ ಜತೆ ಇದ್ದವನು. ಒಂದು ದಿನ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ನೆನಪು ಮಾತ್ರ ಕೆಟ್ಟಿತು. ಬೀಳುವುದಕ್ಕೆ ಮುಂಚಿನದೆಲ್ಲ ಅವನಿಗೆ ನೆನಪಿತ್ತು. ಬಿದ್ದ ಮೇಲಿನದು ಯಾವುದೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಂಡದ್ದು ಸಂಜೆಯವರೆಗೆ ಇರುತ್ತಿತ್ತು, ಮಲಗಿ ಎದ್ದರೆ ಅಳಿಸಿ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಅಕ್ಕನೇ ಅವನನ್ನು ಕೂರಿಸಿಕೊಂಡು, ನೀನು ಏಣಿಯಿಂದ ಬಿದ್ದೆ, ಹೀಗೆ ಹೀಗಾಯಿತು ಎಂದು ತಿಳಿಸಬೇಕಾಗಿತ್ತು.

ಊರಿನ ಒಬ್ಬ ದೊಡ್ಡ ವ್ಯಾಪಾರಿಯ ಮನೆಯಲ್ಲಿ ಒಡವೆ ಕಳವಾಯಿತು. ಕದ್ದವನು ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಠಾಣೆಯ ಇನ್‌ಸ್ಪೆಕ್ಟರನ ಹೆಂಡತಿಯ ತಮ್ಮ ಅವನು. ಗೊತ್ತಿದ್ದರೂ ಬಾಯಿ ಬಿಡುವವರು ಯಾರು? ಇನ್‌ಸ್ಪೆಕ್ಟರನಿಗೆ ಬೇರೆ ಒಬ್ಬ ಕಳ್ಳ ಬೇಕಾಗಿತ್ತು, ಬೇಗ ಬೇಕಾಗಿತ್ತು. ಸುಣ್ಣದವನು ಹಿಂದೊಮ್ಮೆ ಆ ಮನೆಗೆ ಸುಣ್ಣ ಹೊಡೆದಿದ್ದ. ಕಳವಾದ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದ. ಎಲ್ಲಿದ್ದೆ ಎಂದು ಹೇಳಲಾರದವನು ಅಂಥ ಪೊಲೀಸರಿಗೆ ದೇವರು ಕೊಟ್ಟ ವರ. ಅವನನ್ನು ಹಿಡಿದು ಒಳಗೆ ಹಾಕಿದರು.

ಅಕ್ಕ ಹೋಗಿ ವಕೀಲನ ಬಾಗಿಲಲ್ಲಿ ನಿಂತಳು. ಅಕ್ಕನ ಸಾಕ್ಷಿಯೊಂದೇ ಸಾಲದು ಎಂದು ವಕೀಲ ಊರೆಲ್ಲ ಓಡಾಡಿದ. ಬಸ್ ನಿಲ್ದಾಣದ ಎದುರು ಚಹಾ ಮಾರುವ ಹೆಂಗಸು ಸಿಕ್ಕಿದಳು. ಕಳವಾದ ಸಂಜೆ ಐದರಿಂದ ಕತ್ತಲಾಗುವವರೆಗೂ ಅವರು ನನ್ನ ಬೆಂಚಿನ ಮೇಲೇ ಕೂತಿದ್ದರು, ಅಕ್ಕನ ದಾರಿ ಕಾಯುತ್ತಿದ್ದರು, ಆಮೇಲೆ ಅಕ್ಕ ಬಂದು ಕರೆದುಕೊಂಡು ಹೋದರು ಎಂದು ಅವಳು ಹೇಳಿದಳು. ಕಳವಾದದ್ದು ಆರಕ್ಕೆ. ವಕೀಲ ಇಷ್ಟನ್ನು ಹಿಡಿದುಕೊಂಡು ವಾದಿಸಿ ಜಾಮೀನು ಕೊಡಿಸಿದ. ನ್ಯಾಯಾಧೀಶರು ಎಲ್ಲರಿಗೂ ಹಾಕುವ ಷರತ್ತನ್ನೇ ಇವನಿಗೂ ಹಾಕಿದರು. ಕೇಸು ಮುಗಿಯುವ ತನಕ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಹೋಗಿ ಪುಸ್ತಕದಲ್ಲಿ ಸಹಿ ಹಾಕಿ ಬರಬೇಕು.

ಯಾವ ಬಾಗಿಲಿನಿಂದ ಬಿಡಿಸಿಕೊಂಡು ಬಂದನೋ ಅದೇ ಬಾಗಿಲಿಗೆ ದಿನಾ ಕಳಿಸಬೇಕಾಯಿತು. ಅಲ್ಲಿಂದ ವಕೀಲನ ಗ್ರಹಚಾರ ಶುರುವಾಯಿತು.

ಬೆಳಿಗ್ಗೆ ಒಂಬತ್ತೂವರೆಗೆ ಅಕ್ಕ ತಮ್ಮನನ್ನು ವಕೀಲನ ಮನೆಗೆ ತಂದು ಬಿಡುತ್ತಿದ್ದಳು. ಅಲ್ಲಿಂದ ಠಾಣೆಗೆ ಅರ್ಧ ಗಂಟೆಯ ದಾರಿ. ಇಬ್ಬರೂ ನಡೆಯುತ್ತಿದ್ದರು. ನಾಲ್ಕು ಹೆಜ್ಜೆ ಹೋದ ಮೇಲೆ ಸುಣ್ಣದವನು ಮೆಲ್ಲಗೆ ಕೇಳುತ್ತಿದ್ದ.

“ಸ್ವಾಮಿ, ಆ ಕಳ್ಳತನ ನಾನು ಮಾಡಿದೀನಾ?”

“ಇಲ್ಲ. ನೀವು ಮಾಡಿಲ್ಲ.”

“ನಿಮಗೆ ಹೆಂಗೆ ಗೊತ್ತು?”

“ಆ ಹೊತ್ತಿಗೆ ನೀವು ಬಸ್ ನಿಲ್ದಾಣದಲ್ಲಿದ್ರಿ. ಚಹಾ ಅಂಗಡಿಯವಳು ನೋಡಿದಾಳೆ.”

“ಅವಳು ನಿಜ ಹೇಳೋ ಪೈಕಿನಾ?”

“ಹೌದು.”

“ನೀವೇ ಹೋಗಿ ಕೇಳಿದ್ರಾ?”

“ನಾನೇ ಹೋಗಿ ಕೇಳಿದೆ.”

ಆಮೇಲೆ ಅವನು ಒಂದು ನಿಟ್ಟುಸಿರು ಬಿಡುತ್ತಿದ್ದ. ಅವನ ಮುಖ ತಿಳಿಯಾಗುತ್ತಿತ್ತು. ಕೈ ಬೀಸಿಕೊಂಡು ನಡೆಯುತ್ತಿದ್ದ.

ಅಕ್ಕ ಮನೆಯಲ್ಲೇ ಇದನ್ನೆಲ್ಲ ಹೇಳಿ ಕಳಿಸುತ್ತಿದ್ದಳು. ಅವಳ ಮಾತು ಅವನಿಗೆ ಸಾಲುತ್ತಿರಲಿಲ್ಲ. “ಅಕ್ಕ ನನ್ನ ಮೇಲಿನ ಆಸೆಗೆ ಹಂಗಂತಾಳೆ. ನೀವು ಕಾನೂನು ಓದಿದೋರು. ಮಾಡಿದ್ರೆ ಒಪ್ಕೋಬೇಕಲ್ಲ ಸ್ವಾಮಿ? ನೆನಪಿಲ್ಲ ಅಂದ್ರೆ ಮಾಡಿಲ್ಲ ಅಂತ ಆಯ್ತಾ?” ಎನ್ನುತ್ತಿದ್ದ. ಈ ಮಾತನ್ನೂ ದಿನಾ ಎನ್ನುತ್ತಿದ್ದ. ಮೊದಲ ಸಲ ಕೇಳಿದಾಗ ವಕೀಲನಿಗೆ ಕಣ್ಣು ತುಂಬಿ ಬಂದಿತ್ತು. ಇಂಥ ಕಕ್ಷಿದಾರ ತನಗೆ ಹಿಂದೆ ಸಿಕ್ಕಿರಲಿಲ್ಲ ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ. ಹದಿನೈದನೆಯ ಸಲ ಕೇಳುವ ಹೊತ್ತಿಗೆ ಅವನು ಆ ಮಾತು ಮುಗಿಯುವುದನ್ನು ಕಾಯುತ್ತಿದ್ದ.

ಬರೆದುಕೊಟ್ಟರೆ ಆಗುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ವಕೀಲನಿಗೂ ಹಾಗೇ ಅನ್ನಿಸಿತು. ಆದರೆ ಸುಣ್ಣದವನಿಗೆ ಸಹಿ ಮಾಡುವುದಷ್ಟೇ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ವಕೀಲ ಬರೆದುಕೊಟ್ಟ ಚೀಟಿಯನ್ನು ಅವನು ಮರ್ಯಾದೆಯಿಂದ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು, “ಇದ್ರಲ್ಲಿ ಏನಂತ ಇದೆ ಸ್ವಾಮಿ?” ಎಂದು ಕೇಳಿದ. ವಕೀಲ ಹಣೆ ಹಣೆ ಚಚ್ಚಿಕೊಂಡ.

ಠಾಣೆಯ ಒಳಕ್ಕೆ ಸಹಿ ಹಾಕುವವನೊಬ್ಬನೇ ಬರಬೇಕು ಎಂದು ಇನ್‌ಸ್ಪೆಕ್ಟರ್ ಕಟ್ಟಪ್ಪಣೆ ಮಾಡಿದ್ದ. ವಕೀಲ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಲ್ಲಬೇಕು. ಒಳಗೆ ಏನು ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇನ್‌ಸ್ಪೆಕ್ಟರ್ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹೊಡೆದರೆ ಗುರುತು ಉಳಿಯುತ್ತದೆ. ಕುರ್ಚಿ ಕೊಟ್ಟು, ಕಾಫಿ ಕೊಟ್ಟು, “ಯಜಮಾನ್ರೇ, ನಿಮಗೆ ಮರೆತಿದೆ ಅಷ್ಟೆ. ಕದ್ದದ್ದು ನೀವೇ. ನಾನು ಕಣ್ಣಾರೆ ಕಂಡಿದೀನಿ. ಒಡವೆ ಬಚ್ಚಿಟ್ಟ ಜಾಗ ತೋರಿಸ್ತೀನಿ ಅಂತ ಈ ಕಾಗದಕ್ಕೆ ಒಂದು ಸಹಿ ಹಾಕಿಬಿಡಿ, ಮನಸ್ಸು ಹಗುರಾಗತ್ತೆ” ಎನ್ನುತ್ತಿದ್ದ. ಸುಣ್ಣದವನು ಎದ್ದು ಕೈಮುಗಿದು, “ಇಲ್ಲ ಸಾಹೇಬ್ರೇ. ನಾನು ಮಾಡಿಲ್ಲವಂತೆ. ನಮ್ಮ ವಕೀಲರು ಈಗಷ್ಟೇ ಹೇಳಿದ್ರು” ಎಂದು ಪುಸ್ತಕದಲ್ಲಿ ಮಾತ್ರ ಸಹಿ ಹಾಕಿ ಹೊರಗೆ ಬರುತ್ತಿದ್ದ.

ದಿನವೂ ಇಷ್ಟೇ. ಒಂದು ಖಾಲಿ ತಲೆ, ಅದರೊಳಗೆ ಯಾರ ಮಾತು ಮೊದಲು ಹೋಗಿ ಕೂರುತ್ತದೆ ಎಂಬ ಪಂದ್ಯ. ವಕೀಲ ದಿನಾ ಗೆಲ್ಲುತ್ತಿದ್ದ. ಇನ್‌ಸ್ಪೆಕ್ಟರ್ ದಿನಾ ಸೋಲುತ್ತಿದ್ದ, ಮರುದಿನ ಹೊಸ ಕಾಫಿ ತರಿಸುತ್ತಿದ್ದ. ಕೇಡು ಮಾಡುವವನಿಗೆ ಇರುವ ತಾಳ್ಮೆಯಲ್ಲಿ ಅರ್ಧ ನಮಗಿದ್ದರೆ ಈ ಮಠದ ಕೆಲಸ ಎಷ್ಟೋ ಸುಸೂತ್ರವಾಗಿ ನಡೆಯುತ್ತಿತ್ತು. ಇರಲಿ.

ದಿನದ ಸಹಿಯ ಷರತ್ತನ್ನು ತೆಗೆಯಬೇಕು ಎಂದು ವಕೀಲ ಅರ್ಜಿ ಹಾಕಿದ. ಸರ್ಕಾರಿ ವಕೀಲರು ಒಮ್ಮೆ ಕಡತ ಬಂದಿಲ್ಲ ಎಂದರು, ಒಮ್ಮೆ ತಮಗೆ ಮೈ ಸರಿಯಿಲ್ಲ ಎಂದರು. ಮೂರನೆಯ ಸಲ ನ್ಯಾಯಾಧೀಶರೇ ರಜೆ. ಈ ನಡುವೆ ವಕೀಲ ಬೆಳಗಿನ ಕೇಸುಗಳನ್ನು ಕೈಬಿಟ್ಟ. ಬೇರೆ ಕಕ್ಷಿದಾರರು ಗೊಣಗಿದರು. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಬಂದ ಮನುಷ್ಯ, “ತಾವು ಯಾರು ಸ್ವಾಮಿ?” ಎಂದೇ ಮಾತು ಶುರುಮಾಡುತ್ತಿದ್ದ. ಒಂದು ಉಪಕಾರವನ್ನು ಅರವತ್ತು ದಿನ ಮಾಡಿ, ಅರವತ್ತು ದಿನವೂ ಅಪರಿಚಿತನಾಗಿ ಉಳಿಯುವುದೆಂದರೆ ಸುಲಭವಲ್ಲ. ವಕೀಲನಿಗೆ ರೋಸಿಹೋಯಿತು. ಇದನ್ನು ನಾನು ತಪ್ಪು ಎನ್ನುವುದಿಲ್ಲ, ರೋಸಿಹೋಯಿತು ಎನ್ನುತ್ತೇನೆ ಅಷ್ಟೆ.

ಅರವತ್ತೊಂದನೆಯ ಬೆಳಿಗ್ಗೆ ವಕೀಲನಿಗೆ ಸಣ್ಣಗೆ ತಲೆನೋವಿತ್ತು. ಅರ್ಜಿ ಹಿಂದಿನ ದಿನ ನಾಲ್ಕನೆಯ ಸಲ ಮುಂದಕ್ಕೆ ಹೋಗಿತ್ತು. ನಾಲ್ಕು ಹೆಜ್ಜೆ ನಡೆದರು.

“ಸ್ವಾಮಿ, ಆ ಕಳ್ಳತನ ನಾನು ಮಾಡಿದೀನಾ?”

ವಕೀಲ ಮಾತಾಡಲಿಲ್ಲ. ಠಾಣೆಯ ಗೇಟು ಬರುವವರೆಗೂ ಮಾತಾಡಲಿಲ್ಲ. ಗೇಟಿನ ಹತ್ತಿರ ಸುಣ್ಣದವನು ನಿಂತು ಮತ್ತೆ ಕೇಳಿದ. ವಕೀಲನ ಬಾಯಿಂದ ಮಾತು ಹೊರಟೇ ಬಿಟ್ಟಿತು.

“ಮಾಡಿದೀರೋ ಇಲ್ವೋ, ನನಗೇನ್ರೀ ಗೊತ್ತು? ನಾನೇನು ನಿಮ್ಮ ಬೆನ್ನ ಹಿಂದೆ ಇದ್ನಾ? ಹೋಗಿ, ಸಹಿ ಹಾಕಿ ಬನ್ನಿ.”

 ಸುಣ್ಣದವನು ತಲೆಯಾಡಿಸಿ ಒಳಗೆ ಹೋದ.

ವಕೀಲನಿಗೆ ಆ ಕ್ಷಣವೇ ಕಸಿವಿಸಿಯಾಯಿತು. ಕರೆದು ಹೇಳಲೇ ಎಂದುಕೊಂಡ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಹೇಗೂ ನಾಳೆ ಬೆಳಿಗ್ಗೆ ಮರೆತೇ ಬಿಡುತ್ತಾನಲ್ಲ, ಒಂದು ದಿನ ಗದರಿದರೆ ಏನು ನಷ್ಟ? ಹೀಗೆಂದುಕೊಂಡು ಬೇವಿನ ಮರಕ್ಕೆ ಒರಗಿ ನಿಂತ.

ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಸುಣ್ಣದವನು ಬರಲಿಲ್ಲ. ಠಾಣೆಯ ಒಳಗಿನಿಂದ ಜೀಪು ಹೊರಗೆ ಬಂತು. ಅದರ ಹಿಂದಿನ ಸೀಟಿನಲ್ಲಿ ಸುಣ್ಣದವನು ಕೂತಿದ್ದ, ಎರಡೂ ಪಕ್ಕ ಪೊಲೀಸರಿದ್ದರು. ಪೊಲೀಸರಿಗೆ ಯಾವಾಗಲೂ ಸಿದ್ಧವಾಗಿ ಸಿಗುವ ಇಬ್ಬರು ಪಂಚರೂ ಹತ್ತಿಕೊಂಡರು. ವ್ಯಾಪಾರಿಯ ಮನೆಯ ಹಿತ್ತಲಿಗೆ ಹೋದರು. ಸುಣ್ಣದವನಿಗೆ ಜಾಗ ತೋರಿಸಲು ಬರಲಿಲ್ಲ, ಇನ್‌ಸ್ಪೆಕ್ಟರನೇ ತೋರಿಸಿ, ಇಲ್ಲೇ ಅಲ್ಲವೇ ಎಂದ. ಸುಣ್ಣದವನು ನೀವು ಹೇಳಿದರೆ ಸರಿ ಎಂದ. ಅಲ್ಲಿದ್ದ ಒಂದು ಕಲ್ಲು ಎತ್ತಿದರೆ ಕೆಳಗೆ ಒಂದು ಜತೆ ಬಳೆ. ಮಹಜರು ಬರೆದರು, ಪಂಚರು ಓದದೆಯೇ ಸಹಿ ಹಾಕಿದರು. ಉಳಿದ ಒಡವೆಯನ್ನು ಮಾರಿದ್ದಾನೆ ಎಂದು ಬರೆದುಕೊಂಡರು. ಅಂದೇ ಮಧ್ಯಾಹ್ನ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು.

ವಕೀಲ ಅಲ್ಲಿಗೆ ಓಡಿ ಬಂದಿದ್ದ. ಗಂಟಲು ಕಟ್ಟುವಷ್ಟು ವಾದಿಸಿದ. ಇದು ಮೋಸ, ಈ ಮನುಷ್ಯನಿಗೆ ನೆನಪೇ ನಿಲ್ಲುವುದಿಲ್ಲ, ಯಾರು ಏನು ಹೇಳಿದರೂ ಒಪ್ಪುತ್ತಾನೆ ಎಂದ. ನ್ಯಾಯಾಧೀಶರು ಕಡತ ತೆಗೆದು ನೋಡಿದರು. “ಅರವತ್ತು ದಿನ ಠಾಣೆಗೆ ಹೋಗಿದ್ದಾರೆ, ಅರವತ್ತು ದಿನವೂ ಒಪ್ಪಿಲ್ಲವಲ್ಲ?” ಎಂದರು. ಆಮೇಲೆ ಸುಣ್ಣದವನ ಕಡೆ ತಿರುಗಿ, “ಪೊಲೀಸರು ಹೊಡೆದರೇನಪ್ಪಾ?” ಎಂದು ಕೇಳಿದರು.

“ಇಲ್ಲ ಸ್ವಾಮಿ. ಕಾಫಿ ಕೊಟ್ರು.”

“ಮತ್ತೆ ಇವತ್ತು ಯಾಕೆ ಒಪ್ಪಿಕೊಂಡಿರಿ?”

ಸುಣ್ಣದವನು ಕೈಮುಗಿದ. “ನನಗೆ ಗೊತ್ತಿಲ್ಲ ಸ್ವಾಮಿ. ನಮ್ಮ ವಕೀಲರನ್ನ ಕೇಳಿದೆ, ಅವರಿಗೂ ಗೊತ್ತಿಲ್ಲವಂತೆ. ಸಾಹೇಬರು ಗೊತ್ತು ಅಂದ್ರು.”

 ನ್ಯಾಯಾಧೀಶರು ಜಾಮೀನು ರದ್ದು ಮಾಡಿ ಅವನನ್ನು ಜೈಲಿಗೆ ಕಳಿಸಿದರು.

ಜೈಲಿನಲ್ಲಿ ಸುಣ್ಣದವನು ದಿನಾ ಬೆಳಿಗ್ಗೆ ಎದ್ದು, “ನಾನು ಯಾಕೆ ಇಲ್ಲಿದೀನಿ?” ಎಂದು ಪಕ್ಕದವನನ್ನು ಕೇಳುತ್ತಾನೆ. ಕದ್ದು ಬಂದಿದ್ದೀಯ ಎಂದು ಪಕ್ಕದವನು ಹೇಳುತ್ತಾನೆ. ಅವನು ತಲೆ ತಗ್ಗಿಸಿ ಮೂಲೆಯಲ್ಲಿ ಕೂರುತ್ತಾನೆ. ಅವಮಾನಕ್ಕೆ ಒಂದೆರಡು ವಾರದಲ್ಲಿ ಎಂಥವರೂ ಒಗ್ಗಿಹೋಗುತ್ತಾರೆ. ಅವನಿಗೆ ಆ ಭಾಗ್ಯವೂ ಇಲ್ಲ, ಪ್ರತಿ ಬೆಳಿಗ್ಗೆ ಅದು ಅವನಿಗೆ ಹೊಸದು. ಹನ್ನೊಂದು ಗಂಟೆಗೆ ಭೇಟಿಯ ಹೊತ್ತು. ವಕೀಲ ತಪ್ಪದೆ ಹೋಗುತ್ತಾನೆ. ಕಂಬಿಯ ಈಚೆ ನಿಂತು, “ನೀವು ಮಾಡಿಲ್ಲ” ಎನ್ನುತ್ತಾನೆ. ಅಷ್ಟು ಹೊತ್ತಿಗೆ ಸುಣ್ಣದವನು ಎದ್ದು ಐದು ತಾಸು ಕಳೆದಿರುತ್ತದೆ. ಸುಣ್ಣದವನು ಅವನನ್ನು ಕನಿಕರದಿಂದ ನೋಡಿ, “ಇಲ್ಲ ಸ್ವಾಮಿ, ಮಾಡಿದೀನಂತೆ” ಎನ್ನುತ್ತಾನೆ. ಕೇಸು ಇನ್ನೂ ನಡೆಯುತ್ತಿದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು.

“ಇದರಲ್ಲಿ ವಕೀಲನದೇನು ತಪ್ಪು ಗುರುಗಳೇ? ಮೋಸ ಮಾಡಿದವನು ಇನ್‌ಸ್ಪೆಕ್ಟರ್. ಕದ್ದವನು ಅವನ ಭಾವಮೈದುನ. ವಕೀಲ ಪಾಪ, ಅರವತ್ತು ಸಲ ತಾಳ್ಮೆಯಿಂದ ಹೇಳಿದ್ದಾನೆ. ಒಂದೇ ಒಂದು ಸಲ ತಾಳ್ಮೆ ತಪ್ಪಿದ. ಅರವತ್ತಕ್ಕೆ ಬೆಲೆ ಇಲ್ಲವೇ?”

“ಇನ್‌ಸ್ಪೆಕ್ಟರನ ಪಾಪ ಇನ್‌ಸ್ಪೆಕ್ಟರನಿಗೆ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ” ಎಂದರು ಗುರುಗಳು. “ಆದರೆ ಅರವತ್ತೊಂದು ಸಲ ಹೇಳಬೇಕಾಗಿ ಬಂದವನು ವಕೀಲ, ಕೇಳಿದವನು ಅವತ್ತೇ ಮೊದಲ ಸಲ ಕೇಳುತ್ತಿದ್ದ.”

ಶಿಷ್ಯ ಎದ್ದು, ಮುದುಕಿ ಕಾಯುತ್ತಿದ್ದ ಹಜಾರದ ಕಡೆ ನಡೆದ.