ಮದ್ದಿನ ಮನೆಯ ಹಿಡಿ ಅಕ್ಕಿ

"ಬುದ್ಧಿ, ನಮ್ಮ ಆಸ್ಪತ್ರೆಗೆ ಬರುವ ರೋಗಿಗಳಿಂದ ಏನಾದರೂ ತೆಗೆದುಕೊಳ್ಳಬೇಕೋ, ಬೇಡವೋ?"

ಮಠದ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಜಗಲಿಯ ಮೇಲೆ ಕೂತು ಬೇವಿನ ಕಡ್ಡಿ ಸೀಳುತ್ತಿದ್ದರು. ತಲೆ ಎತ್ತಲಿಲ್ಲ.

"ಈಗೇನಾಯಿತು?"

"ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಬುದ್ಧಿ. ಮೊನ್ನೆ ಒಬ್ಬ ಮಂಡಿನೋವು ಅಂತ ಎಣ್ಣೆ ಇಸಿದುಕೊಂಡು ಹೋಗಿ ಎತ್ತಿನ ಹೆಗಲಿಗೆ ಹಚ್ಚಿದ್ದಾನೆ."

"ಎತ್ತಿಗೆ ವಾಸಿಯಾಯಿತೇ?"

"ಆಯಿತು ಬುದ್ಧಿ."

"ಹಾಗಾದರೆ ಎಣ್ಣೆ ಒಳ್ಳೆಯದೇ."

ಶಿಷ್ಯ ನಗಲಿಲ್ಲ. ಮಠಕ್ಕೆ ಬರುವ ಕಾಣಿಕೆ ಕಡಿಮೆಯಾಗಿತ್ತು. ಮದ್ದು ತರಿಸುವುದು ಕಷ್ಟವಾಗಿತ್ತು. ಹೀಗೇ ಹೋದರೆ ಆಸ್ಪತ್ರೆಯ ಬಾಗಿಲು ಹಾಕಬೇಕು. ಅದಕ್ಕೆ ಬಾಗಿಲಲ್ಲಿ ಒಂದು ಹುಂಡಿ ಇಡೋಣ, ಬಂದವರು ಅದಕ್ಕೆ ಹಾಕಿ ಒಳಗೆ ಬರಲಿ ಎಂಬುದು ಅವನ ಯೋಚನೆ. ಹುಂಡಿ ಮಾಡಲು ಬಡಗಿಗೆ ಹೇಳಿಯೂ ಆಗಿತ್ತು.

"ಹೆಚ್ಚೇನಲ್ಲ ಬುದ್ಧಿ. ಯಾರು ಬೇಕಾದರೂ ಕೊಡುವಷ್ಟು."

"ಯಾರು ಬೇಕಾದರೂ," ಎಂದರು ಗುರುಗಳು. ಕಡ್ಡಿಗಳನ್ನು ಕೆಳಗಿಟ್ಟರು. "ಕೂತುಕೋ."

ಶಿಷ್ಯ ಕೂತ. ಗುರುಗಳು ಹೇಳಿದರು.

ಒಂದು ಊರು. ಊರಿಗೊಬ್ಬ ಯಜಮಾನ. ಊರೆಲ್ಲ ರಾಗಿ ಬೆಳೆಯುತ್ತಿತ್ತು, ರಾಗಿ ತಿನ್ನುತ್ತಿತ್ತು. ಕೆರೆಯ ಕೆಳಗೆ ಒಂದೇ ಒಂದು ಗದ್ದೆ, ಅದು ಯಜಮಾನನದು. ಅದರಲ್ಲಿ ಬೆಳೆಯುವ ಅಕ್ಕಿಗೆ ಮೈಮೇಲೆ ಒಂದು ಕೆಂಪು ಗೀರು. ಅಂಥ ಅಕ್ಕಿ ಸುತ್ತಲಿನ ಯಾವ ಊರಲ್ಲೂ ಇರಲಿಲ್ಲ.

ಆ ಊರಿಗೆ ವೈದ್ಯನಿರಲಿಲ್ಲ. ಯಜಮಾನನ ಹೆಂಡತಿ ಹೆರಿಗೆಯಲ್ಲಿ ಹೋದಳು. ಹೆಣ್ಣು ಮಗು ಉಳಿಯಿತು. ಹೆಂಡತಿಯ ತಿಥಿ ಮುಗಿಸಿದವನೇ ಅವನು ದೂರದ ಪೇಟೆಗೆ ಹೋಗಿ ಒಬ್ಬ ವೈದ್ಯನನ್ನು ಒಪ್ಪಿಸಿ ಕರೆತಂದ. ಊರಂಚಿನಲ್ಲಿ ಮನೆ ಕಟ್ಟಿಸಿಕೊಟ್ಟ. ಜನ ಅದನ್ನು ಮದ್ದಿನ ಮನೆ ಎಂದರು.

ವೈದ್ಯನ ಊಟಕ್ಕೂ ಮದ್ದಿನ ಸಾಮಾನಿಗೂ ಊರು ಒಂದು ದಾರಿ ಮಾಡಿಕೊಂಡಿತು. ಪ್ರತಿ ಮನೆಯ ಹೆಂಗಸು ರಾಗಿ ಬೀಸಲು ಕೂರುವ ಮೊದಲು ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವಳು. ಅಮಾವಾಸ್ಯೆಗೆ ಆ ಮಡಕೆಗಳು ಮದ್ದಿನ ಮನೆಗೆ ಹೋಗುವವು. ಕಾಯಿಲೆಯವನು ಮಾತ್ರ ಬರಿಗೈಯಲ್ಲಿ ಹೋಗಿ ಮದ್ದು ತರುವನು. ಇದು ಚೆನ್ನಾಗಿ ನಡೆಯಿತು. ಹೆಣ್ಣು ಮಗು ಬೆಳೆದಳು. ಮದುವೆಯಾಗಿ ಬೇರೆ ಊರಿಗೆ ಹೋದಳು.

ವೈದ್ಯನಿಲ್ಲದ ಕಾಲವನ್ನು ಕಂಡಿದ್ದವರು ಒಬ್ಬೊಬ್ಬರಾಗಿ ಹೋದರು. ಮಡಕೆಗಳು ಹಗುರಾದವು. ರಾಗಿಯ ಜೊತೆ ಹೊಟ್ಟು ಬಂತು, ಆಮೇಲೆ ಕಲ್ಲು ಬಂತು. ಒಂದು ಸಂಜೆ ಅರಳಿಕಟ್ಟೆಯ ಮೇಲೆ ಒಬ್ಬ ರೈತ ಬಾಯಿಬಿಟ್ಟೇ ಹೇಳಿದ.

"ನಮ್ಮ ಮನೆಯಲ್ಲಿ ಯಾರಿಗೂ ಒಂದು ಸೀನು ಸಹ ಬಂದಿಲ್ಲ. ಪಕ್ಕದವನ ಹೊಟ್ಟೆನೋವಿಗೆ ನನ್ನ ಹೆಂಡತಿ ಯಾಕೆ ರಾಗಿ ಎತ್ತಿಡಬೇಕು?"

"ಮೊನ್ನೆ ಅವನು ಉಂಡಿದ್ದು ನಿನ್ನ ಮನೆಯಲ್ಲೇ ಅಲ್ಲವೇನಪ್ಪ? ಎತ್ತಿಡು," ಎಂದ ಇನ್ನೊಬ್ಬ.

ಜನ ನಕ್ಕರು. ಮಡಕೆಗಳು ತುಂಬಲಿಲ್ಲ. ವೈದ್ಯ ಯಜಮಾನನ ಹತ್ತಿರ ಬಂದು, ಕಲ್ಲು ಬೇಯಿಸಿ ತಿನ್ನುವ ವಿದ್ಯೆ ತನಗೆ ಬಾರದು, ಸುಗ್ಗಿ ಮುಗಿದ ಮೇಲೆ ಹೊರಡುತ್ತೇನೆ ಎಂದ.

ಯಜಮಾನನಿಗೆ ಅನ್ನ ಸೇರದಾಯಿತು. ಮಗಳು ಬಸುರಿ. ಚೊಚ್ಚಲ ಹೆರಿಗೆಗೆ ಸುಗ್ಗಿಯ ಹಿಂದೆಯೇ ತವರಿಗೆ ಬರುವವಳು. ಅವಳ ತಾಯಿ ಹೋದ ಹಾಗೆ ಅವಳು ಹೋಗಬಾರದು. ಏನಾದರೂ ಆಗಲಿ, ವೈದ್ಯ ಊರಲ್ಲಿ ಉಳಿಯಬೇಕು.

ಅವನು ಯೋಚಿಸಿದ. ಯೋಚಿಸಿ ಊರನ್ನು ಕೂಡಿಸಿ ಹೇಳಿದ: ಇನ್ನು ಮನೆಮನೆಯ ಮಡಕೆ ಬೇಡ. ಕಾಯಿಲೆ ಯಾರದೋ ಅವರೇ ತರಲಿ. ಮದ್ದಿಗೆ ಬರುವವರು ಒಂದು ಹಿಡಿ ಅಕ್ಕಿ ತರಲಿ. ರಾಗಿಯಾದರೆ ಸುಮ್ಮಸುಮ್ಮನೆ ತಂದು ಸುರಿಯುತ್ತಾರೆ, ಅಕ್ಕಿಯಾದರೆ ನಿಜವಾಗಿ ನೋವಿದ್ದವರು ಮಾತ್ರ ಬರುತ್ತಾರೆ. ರೋಗಿಗಳಿಗೆ ಗಂಜಿ ಕಾಯಿಸಲೂ ಆಯಿತು. ಒಂದು ಹಿಡಿ. ಯಾರು ಬೇಕಾದರೂ ಕೊಡಬಹುದು.

ಊರು ಒಪ್ಪಿತು. ಮದ್ದಿನ ಮನೆಯ ಹೊಸ್ತಿಲ ಬಳಿ ಒಂದು ಕಲ್ಲಿನ ಬಾನಿ ಇಟ್ಟರು.

ಯಜಮಾನನ ಲೆಕ್ಕ ಸರಿಹೋಯಿತು. ಬಾಗಿಲಲ್ಲಿ ಜಾತ್ರೆಯ ಹಾಗೆ ಇರುತ್ತಿದ್ದ ಜನ ಕರಗಿತು. ಉಳ್ಳವರು ಬಂದರು, ಪೇಟೆಯಲ್ಲಿ ಕೊಂಡ ಅಕ್ಕಿ ತಂದರು, ಮದ್ದು ಒಯ್ದರು. ವೈದ್ಯನಿಗೆ ಹೊಟ್ಟೆಗಾಯಿತು. ಅವನು ಹೊರಡುವ ಮಾತು ಬಿಟ್ಟ.

"ನೋಡಿದಿರಾ, ಊರಿಗೆ ಆರೋಗ್ಯ ಬಂತು," ಎಂದ ಯಜಮಾನ.

"ಕಾಯಿಲೆ ಹೋಯಿತೋ, ಮನೆಯೊಳಗೆ ಹೋಗಿ ಕೂತಿತೋ," ಎಂದ ವೈದ್ಯ.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಸತ್ತವರ ಬಾಯಿಗೆ ನೆಂಟರೆಲ್ಲ ನೆನೆಸಿದ ಅಕ್ಕಿ ಹಾಕಿ ಕಳಿಸಬೇಕು. ಅದಕ್ಕೆ ರಾಗಿ ಆಗದು. ಆ ಅಕ್ಕಿ ಯಜಮಾನನ ಮನೆಯಿಂದಲೇ ಹೋಗುತ್ತಿತ್ತು. ಯಾವ ಕೇರಿಯಲ್ಲಿ ಯಾರು ಸತ್ತರೂ, ಬಂದು ಬಾಗಿಲಲ್ಲಿ ನಿಂತರೆ ಮೊರದ ತುಂಬ ಅಕ್ಕಿ. ಅವನ ತಾತನ ಕಾಲದಿಂದ ಯಾರಿಗೂ ಇಲ್ಲವೆಂದದ್ದಿಲ್ಲ. ಯಾರಿಂದಲೂ ತಿರುಗಿ ಕೇಳಿದ್ದಿಲ್ಲ.

ಆ ವರ್ಷ ಮೊರ ಹಿಡಿದು ಬರುವವರು ಹೆಚ್ಚಾದರು. ಯಜಮಾನ ಎಲ್ಲರಿಗೂ ಕೊಟ್ಟ. ಮುದುಕರಿಗೆ ಕೊಟ್ಟ. ಮುದುಕರಲ್ಲದವರಿಗೂ ಕೊಟ್ಟ. ಕೂಸುಗಳ ಬಾಯಿಗೆ ಎರಡೇ ಕಾಳು ಸಾಕಾಗುತ್ತಿತ್ತು, ಆದರೂ ಮೊರದ ತುಂಬ ಕೊಟ್ಟ. ಒಳ್ಳೆಯವನು ಎಂದು ಜನ ಕೈಮುಗಿದರು.

ಒಂದು ದಿನ ವೈದ್ಯ ಅವನನ್ನು ಕರೆಸಿಕೊಂಡ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿ, ಉಂಡು ತೆಗೆದು ನೋಡಿದರೆ ಬಾನಿಯಲ್ಲಿ ಅಕ್ಕಿ ಇರುತ್ತಿತ್ತು. ದಿನವೂ ಹೀಗೆ.

"ಅಕ್ಕಿ ಇದೆ, ಆಳಿಲ್ಲ," ಎಂದ ವೈದ್ಯ.

"ಬಾಗಿಲು ಹಾಕಿದ್ದು ನೋಡಿ ಇಟ್ಟು ಹೋಗಿರುತ್ತಾರೆ. ಸಂಕೋಚದ ಜನ."

"ಒದ್ದೆಯಾಗಿದೆ."

"ತೊಳೆದು ತಂದಿರಬೇಕು."

"ಬೇಯುವುದಿಲ್ಲ. ಬೆಳಗಿನಿಂದ ಕುದಿಸಿದೆ. ಕಾಳು ಕಾಳಾಗಿಯೇ ಇದೆ."

ಯಜಮಾನ ಬಾನಿಯನ್ನು ನೋಡಿದ. ಒಂದು ಕಾಳು ಎತ್ತಿಕೊಳ್ಳಲು ಬಗ್ಗಿದವನು ಯಾಕೋ ಕೈ ಹಿಂದಕ್ಕೆ ತೆಗೆದ. "ಸೌದೆ ಹಸಿಯಿರಬೇಕು," ಎಂದು ಹೇಳಿ ಮನೆಗೆ ಬಂದ.

ಸುಗ್ಗಿ ಮುಗಿಯಿತು. ಮಗಳು ಬಂದಳು. ದಿನ ತುಂಬಿತ್ತು, ಮುಖ ಕಳೆಕಳೆಯಾಗಿತ್ತು. ಯಜಮಾನ ದಿನಕ್ಕೆರಡು ಸಲ ಮದ್ದಿನ ಮನೆಯ ದಾರಿಯಲ್ಲಿ ಹೋಗಿ, ವೈದ್ಯ ಇದ್ದಾನೆಂದು ಕಣ್ಣಾರೆ ಕಂಡು ಬರುತ್ತಿದ್ದ.

ಅವರ ಮನೆಯ ಬಟ್ಟೆ ಒಗೆಯುವ ಹೆಂಗಸು ಒಬ್ಬಳಿದ್ದಳು. ತಾಯಿಯಿಲ್ಲದ ಆ ಮಗುವನ್ನು ಎತ್ತಿ ಆಡಿಸಿದವಳು. ಮಗಳು ಬಂದಿದ್ದಾಳೆಂದು ಕೇಳಿ ಒಗೆದ ಸೀರೆಗಳನ್ನು ತಾನೇ ಹೊತ್ತು ತಂದಳು. ಬಸುರಿಯ ಕೆನ್ನೆ ಸವರಿ ದೃಷ್ಟಿ ತೆಗೆದಳು.

"ಅವ್ವ, ನಿನ್ನ ಕೈ ಕೆಂಡದ ಹಾಗಿದೆಯಲ್ಲ," ಎಂದಳು ಮಗಳು.

"ಬಿಸಿಲಲ್ಲಿ ಬಂದೆ ಕಣವ್ವ."

ಯಜಮಾನ ಅವಳ ಮುಖ ನೋಡಿದ. ಕಣ್ಣು ಕೆಂಪಗಿತ್ತು. ನಿಂತಲ್ಲೇ ತೂಗಾಡುತ್ತಿದ್ದಳು.

"ಜ್ವರ ಬಂದಂತಿದೆಯಲ್ಲೇ. ಮದ್ದಿನ ಮನೆಗೆ ಹೋಗಬಾರದೇ?"

"ಅಕ್ಕಿ ಎಲ್ಲಿ ತರಲಿ ಯಜಮಾನರೇ?" ಅವಳು ನಕ್ಕಳು. "ನಮ್ಮ ಕೇರಿಯವರು ಅಕ್ಕಿ ಕಾಣುವುದು ಎರಡೇ ಸಲ. ಮದುವೆಯಲ್ಲಿ ತಲೆ ಮೇಲೆ. ಆಮೇಲೆ ಬಾಯಲ್ಲಿ."

ಯಜಮಾನನೂ ನಕ್ಕ. ಮಾತಿನಲ್ಲಿ ಅವಳನ್ನು ಗೆಲ್ಲುವವರಿರಲಿಲ್ಲ. ಒಂದು ಹಿಡಿ ಕೊಡೋಣ ಎಂದು ಅವನ ಮನಸ್ಸಿಗೆ ಬಂದದ್ದೂ ಉಂಟು. ಆದರೆ ಇವಳಿಗೆ ಕೊಟ್ಟರೆ ನಾಳೆ ಕೇರಿಯೇ ಬರುತ್ತದೆ, ಕಟ್ಟಳೆ ಮಾಡಿದವನೇ ಮುರಿದ ಹಾಗಾಗುತ್ತದೆ. ಅವನು ಸುಮ್ಮನಾದ. ಅವಳು ಗಂಟು ಬಿಚ್ಚಿದ ಬರಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ವಾರ ಕಳೆಯುವುದರೊಳಗೆ ಅವಳ ಗಂಡ ಮೊರ ಹಿಡಿದು ಬಂದು ಬಾಗಿಲಲ್ಲಿ ನಿಂತ. ಯಜಮಾನ ತನ್ನ ಕೈಯಾರೆ ಅಕ್ಕಿ ತುಂಬಿದ. ಒಂದು ಹಿಡಿ ಹೆಚ್ಚಿಗೇ ಹಾಕಿದ.

ಅದರ ಹಿಂದೆಯೇ ಮಗಳ ಮೈ ಸುಡಲು ಶುರುವಾಯಿತು.

ಅವನು ತಡ ಮಾಡಲಿಲ್ಲ. ಗಾಡಿಗೆ ಹುಲ್ಲು ಹಾಸಿ ಮಗಳನ್ನು ಮಲಗಿಸಿದ. ಒಂದು ಹಿಡಿ ಕೇಳಿದರೆ ಒಂದು ಮೂಟೆ ಕೊಡುತ್ತೇನೆಂದು ಅಕ್ಕಿಯ ಮೂಟೆಯನ್ನೇ ಹೇರಿದ. ತಾನೇ ಎತ್ತು ಹೊಡೆದ.

ಮಟಮಟ ಮಧ್ಯಾಹ್ನ. ಯಾರಿಗೂ ನೆರಳಿಲ್ಲದ ಹೊತ್ತು. ಬೀದಿಯಲ್ಲಿ ಒಂದು ನಾಯಿ ಇಲ್ಲ, ಮರದಲ್ಲಿ ಒಂದು ಕಾಗೆ ಇಲ್ಲ. ಮದ್ದಿನ ಮನೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಎತ್ತುಗಳು ನಿಂತುಬಿಟ್ಟವು. ಹೊಡೆದರೂ ಹೆಜ್ಜೆ ಇಡಲಿಲ್ಲ. ಸಂತೆಯ ಜನದ ನಡುವೆ ಸಿಕ್ಕಿಕೊಂಡ ಎತ್ತುಗಳ ಹಾಗೆ ಕತ್ತು ಆಚೆ ಈಚೆ ತಿರುಗಿಸಿದವು. ದಾರಿ ಮಾತ್ರ ಖಾಲಿ.

ಯಜಮಾನ ಇಳಿದು ಮಗಳನ್ನು ಎತ್ತಿಕೊಂಡ. ಆಗ ಅವನಿಗೆ ಸದ್ದು ಕೇಳಿಸಿತು. ಕಲ್ಲಿನ ಮೇಲೆ ಕಾಳು ಬೀಳುವ ಸದ್ದು. ಸ್ವಲ್ಪ ಬಿದ್ದು ನಿಲ್ಲುವುದು, ಮತ್ತೆ ಬೀಳುವುದು. ಅವನು ಆ ಕಡೆ ನೋಡಿದ.

ದಾರಿಯಲ್ಲಿ ಜನ ನಿಂತಿದ್ದರು. ಒಬ್ಬರ ಹಿಂದೆ ಒಬ್ಬರು, ಬೆನ್ನು ಇವನ ಕಡೆಗೆ. ಯಾರೂ ಮಾತಾಡುತ್ತಿರಲಿಲ್ಲ. ಮಾತಾಡುವಂತಿರಲಿಲ್ಲ, ಎಲ್ಲರ ಕೆನ್ನೆಯೂ ಉಬ್ಬಿತ್ತು. ಮುಂದಿದ್ದವನು ಹೊಸ್ತಿಲ ಬಳಿ ಬಗ್ಗಿ ಬಾಯಿ ತೆರೆದ. ಬಾನಿಗೆ ಅಕ್ಕಿ ಬಿತ್ತು. ಒದ್ದೆ ಅಕ್ಕಿ, ಮೈಮೇಲೆ ಕೆಂಪು ಗೀರು. ಅವನು ಒಳಗೆ ಹೋದ. ಇನ್ನೊಬ್ಬ ಬಗ್ಗಿದ.

ಬಾಗಿಲಲ್ಲಿ ವೈದ್ಯ ಕೂತಿದ್ದ. ಮುಂದೆ ಕಲ್ಬತ್ತು. ಮುಖದಲ್ಲಿ ರಕ್ತವಿರಲಿಲ್ಲ, ಕೈ ಮಾತ್ರ ಅರೆಯುತ್ತಲೇ ಇತ್ತು.

"ಪಂಡಿತರೇ," ಎಂದು ಯಜಮಾನ ಕೂಗಿದ. "ನನ್ನ ಮಗಳಿಗೆ ಜ್ವರ. ಇವಳು ಉಸಿರಾಡುತ್ತಿದ್ದಾಳೆ. ಇವರಿಗೆ ಇನ್ನು ಯಾತರ ಮದ್ದು?"

"ನಾನೂ ಅದನ್ನೇ ಕೇಳಿದೆ ಯಜಮಾನರೇ. ಬಾನಿ ತೋರಿಸಿದರು."

"ಅವರನ್ನು ಆಚೆ ಕಳಿಸಿ."

"ಅಕ್ಕಿ ತಂದವರಿಗೆ ಮದ್ದು ಎಂದವರು ನೀವು. ಇವರೂ ತಂದಿದ್ದಾರೆ. ನಿಮಗಿಂತ ಮೊದಲು ಬಂದಿದ್ದಾರೆ. ಸರದಿಯಲ್ಲಿ ಬನ್ನಿ."

ಯಜಮಾನ ನುಗ್ಗಲು ನೋಡಿದ. ಚಳಿಗಾಲದ ಕೆರೆಯ ನೀರಿಗೆ ಎದೆ ಕೊಟ್ಟ ಹಾಗಾಯಿತು. ಕಾಲು ಮುಂದೆ ಹೋಗಲಿಲ್ಲ. ತೋಳಿನಲ್ಲಿ ಮಗಳು ನರಳಿದಳು.

ಸಾಲಿನ ಕೊನೆಗೆ ನಿಂತಿದ್ದವಳು ಆ ನರಳಿಕೆ ಕೇಳಿ ತಿರುಗಿದಳು. ಬಟ್ಟೆ ಒಗೆಯುವ ಹೆಂಗಸು. ಹೆಗಲ ಮೇಲೆ ಅದೇ ಗಂಟಿನ ಬರಿ ಬಟ್ಟೆ. ಅವಳು ಯಜಮಾನನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. ನೋಡಿ, ಪಕ್ಕಕ್ಕೆ ಸರಿದು, ತನ್ನ ಜಾಗವನ್ನು ಬಿಟ್ಟುಕೊಟ್ಟಳು.

ಯಜಮಾನ ಮಗಳನ್ನು ಎತ್ತಿಕೊಂಡು ಆ ಜಾಗದಲ್ಲಿ ನಿಂತ. ಅವನ ಮುಂದೆ ಇನ್ನೂ ಅರ್ಧ ಊರು ನಿಂತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬೇವಿನ ಕಡ್ಡಿಗಳನ್ನು ಒಟ್ಟುಮಾಡಿ ದಾರದಿಂದ ಕಟ್ಟಿದರು.

"ಮಗಳು ಉಳಿದಳೇ ಬುದ್ಧಿ?"

ಗುರುಗಳು ದಾರದ ಗಂಟು ಬಿಗಿದರು. ಶಿಷ್ಯ ಎದ್ದು ನಿಂತ. ಆಮೇಲೆ ಮೆಲ್ಲಗೆ ಕೇಳಿದ.

"ಹುಂಡಿ ಬೇಡ ಅಂತ ಬಡಗಿಗೆ ಹೇಳುತ್ತೇನೆ. ಆದರೆ ಆಸ್ಪತ್ರೆ ನಡೆಯಬೇಕಲ್ಲ. ಅಕ್ಕಿ ಎಲ್ಲಿಂದಲೋ ಬರಬೇಕಲ್ಲ ಬುದ್ಧಿ?"

"ಅಕ್ಕಿ ಹೇಗಿದ್ದರೂ ಉಳ್ಳವನ ಕಣಜದಿಂದಲೇ ಹೋಗುತ್ತದೆ," ಎಂದರು ಗುರುಗಳು, "ಇದ್ದಾಗ ಕೈಗೆ ಹಾಕುತ್ತೀರೋ, ಸತ್ತ ಮೇಲೆ ಬಾಯಿಗೆ ಹಾಕುತ್ತೀರೋ, ಊರನ್ನು ಕೂಡಿಸಿ ಅದನ್ನು ಕೇಳು."