ನೀರಿನ ಮಟ್ಟ ಹೇಳದ ಕಂಪ್ಯೂಟರು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಮೇಲಿನ ತಿರುವಿನಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರವೊಂದಿತ್ತು. ಅದರ ತಂತಿ ಆಶ್ರಮದ ಕಂಪ್ಯೂಟರಿಗೆ ಬರುತ್ತಿತ್ತು. ನೀರು ಗುರುತು ಮೀರಿದರೆ ಗಂಟೆ ಬಾರಿಸಬೇಕು. ಗಂಟೆ ಕೇಳಿದೊಡನೆ ನಡುಗಡ್ಡೆಯ ಕುರಿಗಾಹಿಗಳು ದಂಡೆಗೆ ದಾಟುತ್ತಿದ್ದರು.

ಇದನ್ನೆಲ್ಲ ಕೂಡಿಸಿದವರು ಗುರು ಚರಂತಯ್ಯನವರು. ಈಗ ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಕೆಲಸ ಶಿಷ್ಯ ಗವಿಸಿದ್ಧನ ಪಾಲಿಗೆ ಬಂದಿತ್ತು.

ಸಿಡಿಲಿಗೆ ಹಳೆಯ ಕಂಪ್ಯೂಟರು ಸುಟ್ಟುಹೋಯಿತು. ಗವಿಸಿದ್ಧ ಬೇರೊಂದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ತಂತಿ ಚುಚ್ಚಿ, ಕೈಮುಗಿದ. ಕೈಮುಗಿದರೆ ಮಟ್ಟ ಬರುತ್ತದೆಯೇ? ಬರಲಿಲ್ಲ.

ಮರುದಿನ ಸಂಜೆ ಮೇಲಿನ ಸೀಮೆಯಲ್ಲಿ ಮೋಡ ಕಪ್ಪಾಯಿತು. ಗವಿಸಿದ್ಧ ಪರದೆಯ ಮುಂದಿನಿಂದ ಗುರುಗಳತ್ತ ತಿರುಗಿದ.

“ಅಜ್ಜಾರ, ಸುಮ್ನ ಗಂಟಿ ಬಾರಿಸಿಬಿಡ್ಲೇನ್ರಿ?”

“ನಿನ್ನೆ ಬಾರಿಸಿದಿಯಲ್ಲ. ಕುರಿ ದಾಟಿಸಿದ್ರು, ನೀರು ಬರಲಿಲ್ಲ, ಬೈಕೋತ ಹೋದ್ರು. ಇವತ್ತೂ ಹುಸಿ ಆದ್ರ ಮತ್ತ ಯಾರೂ ಏಳೂದಿಲ್ಲ. ಪರದೆ ಏನಂತೈತಿ?”

“ಬೈತೈತ್ರಿ.”

“ಓದಿದೇನು?”

ಗವಿಸಿದ್ಧ ಓದಿರಲಿಲ್ಲ. ಪರದೆಯಲ್ಲಿ ಬರುವ ತಪ್ಪಿನ ಸಾಲು ಕಂಡೊಡನೆ ಗಾಬರಿಯಾಗಿ ಮುಚ್ಚಿಬಿಡುತ್ತಿದ್ದ. ಈಗ ಗಟ್ಟಿಯಾಗಿ ಓದಿ ಹೇಳಿದ.

“ಯಂತ್ರ ಸಿಕ್ಕೈತಿ ಅಂತೈತ್ರಿ. ಗವಿಸಿದ್ಧಗ ಮುಟ್ಟಾಕ ಅನುಮತಿ ಇಲ್ಲಂತ.”

“ಮುಟ್ಟಬಲ್ಲವರ ಗುಂಪಿಗೆ ನಿನ್ನ ಹೆಸರು ಸೇರಿಸು.”

ಸೇರಿಸಿದ. ಅದೇ ಸಾಲು ಬಂತು. ಇನ್ನೊಮ್ಮೆ ಸೇರಿಸಿದ. ಮತ್ತೆ ಅದೇ ಸಾಲು. ಹೊರಗೆ ಗುಡುಗಿತು.

“ಸೇರಿಸಿದ್ರೂ ಒಲ್ಲೆ ಅಂತೈತ್ರಿ! ಮಂದಿ ಕೊಚ್ಚಿ ಹೋದ್ರ ನಾ ಏನ್ ಮಾಡ್ಲಿ?” ಅವನಿಗೆ ಅಳು ಬಂತು.

“ದೀಕ್ಷಾದ ದಿನ ನಿನಗ ಹೊಸ ಹೆಸರಿಟ್ಟ ಮ್ಯಾಲೆ ಏನ್ ಮಾಡಿಸಿದ್ವಿ?”

“ಹೊಸ್ತಿಲ ಹೊರಗ ಕಳಿಸಿದ್ರಿ. ಹೊಸ ಹೆಸರು ಹೇಳಿ ಒಳಗ ಬಂದೆ. ಆಮ್ಯಾಲೆ ಪಂಕ್ತಿಯಾಗ ಎಲಿ ಹಾಕಿದ್ರಿ.”

“ಹಂಗ ಇದರಾಗಿಂದನೂ ಹೊರಗ ಹೋಗಿ ಬಾ. ಒಳಗ ಬರೂವಾಗ ಮಾತ್ರ ಅದು ಗುಂಪು ನೋಡ್ತೈತಿ.”

“ಲಾಗೌಟ್ ಆಗ್ಲೇನ್ರಿ? ನಿನ್ನೆ ಪರದೆ ಕಪ್ಪಾಗಿ ನಿಂತಬಿಟ್ಟಿತ್ತು. ಮತ್ತ ಒಳಗ ಬಿಡದಿದ್ರ?”

“ಈಗ ಒಳಗ ಬಿಟ್ಟೈತೇನು?”

ಗುರುಗಳು ತಡವಿ ಗವಿಸಿದ್ಧನ ಒಂದು ಕೈ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಅವನು ಲಾಗೌಟ್ ಒತ್ತಿದ.

ಪರದೆ ಕಪ್ಪಾಯಿತು.

ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಹೆಸರು ಕೇಳಿತು. ಹೆಸರು ಬರೆದ, ಪಾಸ್‌ವರ್ಡ್ ಹಾಕಿದ, ಒಳಗೆ ಬಂದ. ನೀರಿನ ಮಟ್ಟ ಪರದೆಯ ಮೇಲೆ ಮೂಡಿತು.

“ಅಜ್ಜಾರ, ಬಂತ್ರಿ!” ಎಂದು ಕೂಗಿ ಅಂಕಿ ನೋಡಿದ.

ನೀರು ಗುರುತು ಮೀರಿತ್ತು.

“ಮೊದಲಿಗಿಂತ ಹೆಚ್ಚು ಅಂಜಿಕಿ ಆಗಾಕತ್ತೈತ್ರಿ.”

“ಅಂಜಿಕೀನೂ ಕರಕೊಂಡು ಹೋಗು. ಗಂಟಿ ಬಾರಿಸು.”