ಹೆಗ್ಗಣದ ಹೊಸ ಬಾಡಿಗೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಗದ್ದೆ ಬದುವಿನ ಹೆಗ್ಗಣವೊಂದು ಬಿಲಗಳನ್ನು ಬಾಡಿಗೆಗೆ ಕೊಡುತ್ತಿತ್ತು. ತಿಂಗಳಿಗೆ ಎರಡು ಶೇಂಗಾ. ಅದಲ್ಲದೆ ಮೊದಲ ದಿನ ಬಾಗಿಲು ದಾಟಲು ಒಂದು ಕಾಣಿಕೆ, ಒಳಗೆ ಬಾಲ ಚಾಚಲು ಇನ್ನೊಂದು. ಕಪ್ಪೆಗಳ ಪಂಚಾಯಿತಿ ಈ ಕಾಣಿಕೆಗಳನ್ನೆಲ್ಲ ನಿಷೇಧಿಸಿದ ದಿನವೇ ಬಸುರಿ ಸುಂಡಿಲಿ ಓಡಿಬಂದು ಎರಡು ಶೇಂಗಾ ಬಾಗಿಲಲ್ಲಿಟ್ಟಳು. ಮೇಲೆ ಹದ್ದು ಸುತ್ತುತ್ತಿತ್ತು.

"ದಾರಿ ಬಿಡಿ ಮಾವ. ಇನ್ನು ಕಾಣಿಕೆ ಕೇಳುವಂತಿಲ್ಲ!"

ಹಣೆತುಂಬ ವಿಭೂತಿ ಬಳಿದುಕೊಂಡಿದ್ದ ಹೆಗ್ಗಣ ಕೈಮುಗಿಯಿತು. "ಶಿವಶಿವಾ! ಕಾಣಿಕೆ ಮುಟ್ಟಿದರೆ ಕೈ ಸುಟ್ಟೀತು. ಬಾಡಿಗೆ ಮಾತ್ರ ಐದಾಗಿದೆ ತಾಯಿ."

ಸುಂಡಿಲಿ ತಾನಿಟ್ಟ ಎರಡು ಶೇಂಗಾಗಳತ್ತ ನೋಡಿದಳು. "ತಿಂಗಳು ತಿಂಗಳೂ ಐದೇ? ಸಾಲಸೋಲ ಮಾಡಿ ಆ ಹಳೇ ಕಾಣಿಕೆಯನ್ನೇ ಕೊಡುತ್ತೇನೆ ಮಾವ, ಒಂದೇ ಸಲಕ್ಕೆ ಮುಗಿಯುತ್ತದೆ. ಯಾರಿಗೂ ಹೇಳುವುದಿಲ್ಲ."

"ಛೆ ಛೆ, ನನ್ನ ಕೈಲಿ ಕಾನೂನು ಮುರಿಸುತ್ತೀಯಾ?"

ಹದ್ದಿನ ನೆರಳು ಬದುವಿನ ಮೇಲೆ ಹಾದುಹೋಯಿತು. ಅವಳು ಮೈ ಮುದುಡಿ ಬಾಗಿಲಿಗೆ ಒತ್ತಿಕೊಂಡಳು. ಹೊಟ್ಟೆಯೊಳಗಿನ ಮರಿಗಳೂ ಮುದುಡಿಕೊಂಡಂತಾಯಿತು.

"ಆಯಿತು ಮಾವ, ಐದೇ ಕೊಡುತ್ತೇನೆ! ಒಳಗೆ ಬಿಡಿ!"

ಹೆಗ್ಗಣ ಅವಸರಪಡಲಿಲ್ಲ. ಕತ್ತು ಚಾಚಿ ಆಕಾಶ ನೋಡಿ, ಹದ್ದು ಎಷ್ಟು ಕೆಳಗಿಳಿದಿದೆಯೆಂದು ಅಂದಾಜು ಮಾಡಿ, "ಆರು" ಎಂದಿತು.